ನಿದಾನ ಮತ್ತು ನಿಧಾನ




ಪಾಲಿಯಲ್ಲಿ 'ನಿದಾನ' ಎಂದರೆ ಮೂಲಕಾರಣ. ಪ್ರತೀತ್ಯ ಸಮುತ್ಪಾದವನ್ನು ವಿವರಿಸುವ ಸುತ್ತಗಳು ಸಂಯುತ್ತ ನಿಕಾಯದಲ್ಲಿ ನಿದಾನ ಸಂಯುತ್ತ ಎಂಬ ಹೆಸರಿನಲ್ಲೇ ಇವೆ. ಆಯುರ್ವೇದದ ರೋಗನಿದಾನವೂ ಇದೇ ಪದ. 'ದ'ದ ಹೊಟ್ಟೆ ಸೀಳಿದರೆ ನಮ್ಮ ದಿನನಿತ್ಯದ 'ನಿಧಾನ'. ಎರಡೂ ಬೇರೆ ಪದಗಳು. ಮಕ್ಕಳು ಒಂದರ ಬದಲು ಇನ್ನೊಂದು ಬರೆದರೆ ಕೆಂಪು ಶಾಯಿ ಬೀಳುತ್ತದೆ. ಆದರೂ ಎರಡಕ್ಕೂ ನಂಟಿದೆ ಎಂದು ಈಚೆಗೆ ಅನಿಸಿತು.

ನಮ್ಮ ಬಳಗದ ಹಿರಿಯರೊಬ್ಬರಿಗೆ ಕಣ್ಣು ಮಂಜಾಗುತ್ತಿದೆ. ಮರುಮುದ್ರಣವಾಗದ ಒಂದು ಹಳೆಯ ಕನ್ನಡ ಧಮ್ಮಪುಸ್ತಕವನ್ನು ಕಿವಿಯಲ್ಲಾದರೂ ಇನ್ನೊಮ್ಮೆ ಕೇಳಬೇಕೆಂಬುದು ಅವರ ಆಸೆ. ಪುಟದ ಚಿತ್ರ ನೋಡಿ ಅಕ್ಷರ ಗುರುತಿಸುವ ಟೆಸರಾಕ್ಟ್ ಎಂಬ ತಂತ್ರಾಂಶ ಕನ್ನಡ ಬಲ್ಲದು. 2005ರಲ್ಲಿ ಎಚ್‌ಪಿ ಕಂಪನಿ ಅದರ ಮೂಲಸಂಕೇತವನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. (ಇದನ್ನೂ ದಾನವೆಂದೇ ಕರೆಯುತ್ತೇನೆ.) ಹಳೆಯ ಉಬುಂಟುವಿನಲ್ಲಿ ಸಿಗುವುದು ಹಳೆಯ ಆವೃತ್ತಿ. ಹೊಸದನ್ನು ಮೂಲಸಂಕೇತದಿಂದಲೇ ಕಟ್ಟಿಕೊಳ್ಳಲು ನಮ್ಮ ಗುಂಪಿನ ಹುಡುಗಿಯೊಬ್ಬಳು ಕೂತಳು. ಲೆಪ್ಟೋನಿಕಾ ಬೇಕು ಎಂದು ಹೇಳಿ ಕೆಲಸ ನಿಂತಿತು.

"ಅದು ಇದೆಯಲ್ಲಾ ಟೀಚರ್! ನಾನು ಆರ್ಟ್ಸ್ ಓದಿದವಳು, ಇದೆಲ್ಲ ನನ್ನ ಕೈಲಾಗಲ್ಲ."

ಸಲ್ಲ ಸುತ್ತದ ಎರಡು ಬಾಣಗಳು ನೆನಪಿವೆಯೇ? ಮೊದಲನೆಯದು ಹೊರಗಿನಿಂದ ತಾಗುತ್ತದೆ, ಎರಡನೆಯದನ್ನು ನಾವೇ ಚುಚ್ಚಿಕೊಳ್ಳುತ್ತೇವೆ. ಯಂತ್ರ ಅವಳ ಓದಿನ ಬಗ್ಗೆ ಏನೂ ಹೇಳಿರಲಿಲ್ಲ. ಇಂಥದ್ದು ಸಿಗಲಿಲ್ಲ ಎಂದಿತ್ತು, ಅಷ್ಟೇ. ಲೆಪ್ಟೋನಿಕಾ ಇದ್ದದ್ದೂ ನಿಜ, ಓಡಿಸುವುದಕ್ಕೆ ಬೇಕಾದಷ್ಟು. ಕಟ್ಟುವುದಕ್ಕೆ ಬೇಕಾದ ಹೆಡರ್ ಕಡತಗಳು ಲಿಬ್‌ಲೆಪ್ಟೋನಿಕಾ-ಡೆವ್ ಎಂಬ ಬೇರೆ ಪ್ಯಾಕೇಜಿನಲ್ಲಿರುತ್ತವೆ. ಅದನ್ನು ಹಾಕಿ ಮತ್ತೆ ಕಾನ್ಫಿಗರ್ ಮಾಡಿದಾಗ ಕೆಲಸ ಮುಂದೆ ಹೋಯಿತು.

ಇದು ಒಂದೇ ಸಾಲಿನ ದೂರು. ಸಿ++ನಲ್ಲಿ ಒಂದು ಹೆಡರಿನೊಳಗೆ ಒಂದು ಅರ್ಧವಿರಾಮ ಬಿಟ್ಟುಹೋದರೆ, ಅದನ್ನು ಸೇರಿಸಿಕೊಂಡ ಕಡತಗಳೆಲ್ಲ ಒಟ್ಟಿಗೆ ಗೋಳಾಡಬಹುದು. ಪರದೆಯ ತುಂಬ ನೂರಾರು ದೋಷ. ನಮ್ಮ ಕಣ್ಣು ಹೋಗುವುದು ಕಟ್ಟಕಡೆಯ ಸಾಲಿಗೆ. ಅಲ್ಲಿರುವುದು 'ಎರರ್ 2' ಎಂಬ ಷರಾ. ಮೇಕ್ ನಿಂತಿತು ಎಂಬುದಕ್ಕಿಂತ ಹೆಚ್ಚೇನೂ ಅದು ಹೇಳದು. ಮೇಲಕ್ಕೆ ಹೋಗಿ ಮೊಟ್ಟಮೊದಲ ದೋಷವನ್ನು ಓದಬೇಕು. ನಾಲ್ಕು ಕೆಲಸ ಒಟ್ಟಿಗೆ ಓಡುತ್ತಿದ್ದರೆ ಸಾಲುಗಳು ಕಲಸಿಹೋಗುತ್ತವೆ, ಯಾವುದು ಮೊದಲೆಂದು ತಿಳಿಯದು. ಆಗ 'ಮೇಕ್ -ಜೆ1' ಎಂದು ಕೊಟ್ಟು, ಒಂದು ಸಲಕ್ಕೆ ಒಂದೇ ಕೆಲಸ ಮಾಡಿಸಬೇಕು. ನಿದಾನ ಕಾಣಲು ನಿಧಾನ ಬೇಕು ಎಂದದ್ದು ಇದಕ್ಕೇ.

ನಮ್ಮ ಹುಳಿಮಾವಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2019ರ ನವೆಂಬರ್ 24, ಭಾನುವಾರ, ಕೆರೆ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಮನೆಮನೆಯ ನೀರನ್ನೂ ಬಕೆಟ್ಟಿನಲ್ಲಿ ಹೊರಹಾಕಬೇಕಿತ್ತು, ಸರಿ. ಆದರೆ ಏರಿ ಕಟ್ಟುವ ತನಕ ಆ ಬಕೆಟ್ಟಿಗೆ ಕೊನೆಯಿತ್ತೇ? ಇದು ಇರುವುದರಿಂದ ಅದು ಇದೆ, ಇದು ನಿಂತರೆ ಅದೂ ನಿಲ್ಲುತ್ತದೆ ಎಂಬ ಭಗವಾನರ ಬೋಧೆಯನ್ನು ನಾವು ಮೊಣಕಾಲುದ್ದ ನೀರಿನಲ್ಲಿ ನಿಂತು ಕಂಡಿದ್ದೇವೆ.

ಪುಸ್ತಕದ ಮೊದಲ ಅಧ್ಯಾಯದ ಪಠ್ಯ ಈಗ ಸಿಕ್ಕಿದೆ. ಒತ್ತಕ್ಷರಗಳಲ್ಲಿ ಸಾಕಷ್ಟು ತಪ್ಪಿದೆ, ಕೆಲವೆಡೆ 'ದ' ಮತ್ತು 'ಧ' ಅದಲುಬದಲಾಗಿವೆ. ತಿದ್ದಿದ ಮೇಲೆ ಇಸ್ಪೀಕ್ ಎನ್‌ಜಿಯಿಂದ ಓದಿಸಿ ಹಿರಿಯರಿಗೆ ಕಳಿಸಬೇಕು. ಎರಡೆರಡು ಪುಟ ತಿದ್ದಿಕೊಡುವವರು ಗುಂಪಿನಲ್ಲಿ ಹೆಸರು ಹಾಕಿ.