ಪಾತ್ರವೂ ಪಾತ್ರಧಾರಿಯೂ

ಒಂದು ಪಾತ್ರವನ್ನು ಮೊದಲು ಧರಿಸಿ ಜನರ ಮನಸ್ಸಿನಲ್ಲಿ ನೆಲೆಗೊಳಿಸಿದ ನಟನು ಕಣ್ಮರೆಯಾದ ಬಳಿಕ, ಅದೇ ವೇಷವನ್ನು ಮತ್ತೊಬ್ಬನು ಧರಿಸುವುದು ಉಚಿತವೋ ಅನುಚಿತವೋ ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ರಂಗಭೂಮಿಯವರ ಒಳಮಾತಿನಂತೆ ತೋರುವುದು. ಆದರೆ ಅದನ್ನು ಸ್ವಲ್ಪ ಅಗೆದು ನೋಡಿದರೆ ಧರ್ಮವಿಚಾರವೇ ಕಾಣುವುದು: ಮೃತರಿಗೆ ಜೀವಂತರು ಸಲ್ಲಿಸಬೇಕಾದುದೇನು? ಅಭಿಮಾನದಿಂದ ಅಧಿಕಾರವು ಹುಟ್ಟುವುದೆ? ಹೊಸಬನಿಗೆ ನ್ಯಾಯವೆಂಬುದು ಇಲ್ಲವೆ?

ಸೇಡಂ, ಚಿತ್ತಾಪುರ, ಚಿಂಚೋಳಿಗಳ ಸೀಮೆಯಲ್ಲಿ ಜಾತ್ರೆಯ ರಾತ್ರಿಯ ಬಯಲಾಟವನ್ನೋ ನಾಟಕವನ್ನೋ ನೋಡಿ ಬೆಳೆದವರಿಗೆ ಈ ಪ್ರಶ್ನೆ ಹೊಸದಲ್ಲ. ಹಲವು ವರ್ಷ ದುರ್ಯೋಧನನ ವೇಷ ಕಟ್ಟಿದ ಹಿರಿಯನೊಬ್ಬನು ತೀರಿಕೊಂಡರೆ, ಮುಂದಿನ ಜಾತ್ರೆಗೆ ಆ ಕಿರೀಟವು ಯಾರ ತಲೆಗೆಂಬ ಚರ್ಚೆಯು ಅಗಸಿಯ ಕಟ್ಟೆಯ ಮೇಲೆ ತಿಂಗಳುಗಟ್ಟಲೆ ನಡೆಯುವುದುಂಟು. ತರುಣನು ಇನ್ನೂ ಬಣ್ಣ ಹಚ್ಚಿರುವುದಿಲ್ಲ. ಅಷ್ಟರಲ್ಲಿಯೇ “ಮುತ್ಯಾನ ಹೆಜ್ಜಿ ಇವನಿಗಿ ಬರಂಗಿಲ್ಲ” ಎಂಬ ತೀರ್ಪು ಹೊರಬಿದ್ದಿರುವುದು. ವಾಡಿ, ಶಹಾಬಾದಗಳ ಕಡೆ ಮನೆಯ ಹಳೆಯ ನೆಲದಲ್ಲಿ ಒಡೆದ ಒಂದು ಫರಸಿಯನ್ನು ತೆಗೆದು ಹೊಸದನ್ನು ಕೂಡಿಸಿದಾಗಲೂ ಕಣ್ಣು ಮೊದಲು ಹೋಗುವುದು ಆ ಹೊಸ ಕಲ್ಲಿನ ಮೇಲೆಯೇ. ಕಲ್ಲು ಅದೇ ನೆಲದ್ದು. ಆದರೆ ಕಾಲು ತುಳಿದು ತಂದ ನುಣುಪು ಅದಕ್ಕೆ ಇನ್ನೂ ಬಂದಿಲ್ಲ.

ಇದೇ ಚರ್ಚೆಯು ಇಂಗ್ಲೆಂಡಿನಲ್ಲಿ ವಿಚಿತ್ರವಾದ ರೂಪದಲ್ಲಿ ನಡೆದಿರುವುದು. ಅಲ್ಲಿನ ಬಿ.ಬಿ.ಸಿ. ದೂರದರ್ಶನದಲ್ಲಿ 1963ನೆಯ ನವೆಂಬರ್ 23ರಂದು ‘ಡಾಕ್ಟರ್ ಹೂ’ ಎಂಬ ವೈಜ್ಞಾನಿಕ ಕಲ್ಪನೆಯ ಕಥಾಮಾಲೆಯು ಆರಂಭವಾಯಿತು. ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಸಂಚರಿಸುವ ನಾಯಕನ ಪಾತ್ರವನ್ನು ವಿಲಿಯಮ್ ಹಾರ್ಟ್‌ನೆಲ್ ಎಂಬವರು ವಹಿಸಿದ್ದರು. ಅವರ ಆರೋಗ್ಯವು ಕುಂದಿದಾಗ, 1966ರಲ್ಲಿ, ಕಥೆಗಾರರು ಒಂದು ಉಪಾಯವನ್ನು ಕಂಡುಕೊಂಡರು: ನಾಯಕನು ಜೀರ್ಣವಾದ ದೇಹವನ್ನು ಬಿಟ್ಟು ಹೊಸ ದೇಹವನ್ನು ತಳೆಯಬಲ್ಲನು! ಪ್ಯಾಟ್ರಿಕ್ ಟ್ರೌಟನ್ ಎಂಬ ಬೇರೆಯ ನಟನು ಬಂದನು, ಕಥೆ ಮುಂದುವರಿಯಿತು. ಹಳೆಯ ವಸ್ತ್ರವನ್ನು ಕಳಚಿ ಹೊಸದನ್ನು ಉಡುವ ಆತ್ಮದ ಮಾತು ಕೇಳಿದ ನಾಡಿನವರಿಗೆ ಇದರಲ್ಲಿ ಬೆರಗಾಗುವಂಥದೇನೂ ಇಲ್ಲ. ತೊಡಕು ಉಂಟಾದುದು ಬೇರೆಡೆಯಲ್ಲಿ. ಮುಂದಿನ ಅವತಾರಗಳಿಗೆ ಹೊಸ ಮುಖ ಸಹಜವೇ ಸರಿ. ಮೊದಲನೆಯ ಅವತಾರವನ್ನೇ ಮತ್ತೆ ತೋರಿಸಬೇಕಾದರೆ ಮಾಡುವುದೇನು? ಹಾರ್ಟ್‌ನೆಲ್ 1975ರಲ್ಲಿಯೇ ತೀರಿಕೊಂಡಿದ್ದರು. 1983ರ ವಿಶೇಷ ಪ್ರಸಾರದಲ್ಲಿ ರಿಚರ್ಡ್ ಹರ್ನ್‌ಡಾಲರು ಆ ಪಾತ್ರವನ್ನು ಧರಿಸಿದರು. ಆದರೆ ಆರಂಭದಲ್ಲಿಯೇ ಹಾರ್ಟ್‌ನೆಲರ ಹಳೆಯ ದೃಶ್ಯವೊಂದನ್ನು ತೋರಿಸಿ, ಮೂಲ ಯಾವುದು, ಪ್ರತಿನಿಧಿ ಯಾರು ಎಂಬುದನ್ನು ಮರೆಮಾಚದೆ ಮುಂದುವರಿದರು. ಈ ಮರ್ಯಾದೆಯು ಸಣ್ಣದಲ್ಲ.

2017ರ ಕ್ರಿಸ್‌ಮಸ್ ವಿಶೇಷ ಪ್ರಸಾರದಲ್ಲಿ ಡೇವಿಡ್ ಬ್ರಾಡ್ಲಿಯವರು ಅದೇ ಪಾತ್ರಕ್ಕೆ ಬಂದರು. ಅವರು 2013ರಲ್ಲಿ, ಈ ಕಥಾಮಾಲೆಯ ಹುಟ್ಟನ್ನು ಕುರಿತ ಬೇರೊಂದು ನಾಟಕದಲ್ಲಿ, ಹಾರ್ಟ್‌ನೆಲರನ್ನೇ ಅಭಿನಯಿಸಿದ್ದವರು. ನಾಯಕನ ಹಳೆಯ ಸಂಗಡಿಗರಾದ ಬೆನ್, ಪೋಲಿ ಎಂಬವರಿಗೂ ಹೊಸ ಮುಖಗಳು ಬಂದವು. ಪೋಲಿಯ ಪಾತ್ರವನ್ನು ಮೊದಲು ವಹಿಸಿದ್ದ ನಟಿಯು ಆಗ ಇನ್ನೂ ಬದುಕಿದ್ದರು. ಪ್ರೇಕ್ಷಕರಲ್ಲಿ ಅನೇಕರ ಅಸಮಾಧಾನವು ಮಾತ್ರ ಮುಖಗಳನ್ನು ಕುರಿತದ್ದಾಗಿರಲಿಲ್ಲ. ಹಳೆಯ ಕಾಲದವನೆಂಬ ನೆವದಿಂದ ಮೊದಲ ನಾಯಕನ ಬಾಯಲ್ಲಿ ಸ್ತ್ರೀಯರನ್ನು ಹಗುರಾಗಿ ಕಾಣುವ ಮಾತುಗಳನ್ನು ಹಾಕಲಾಗಿತ್ತು; ಆತನು ಹಿಂದೆ ಹೀಗಿರಲಿಲ್ಲವೆಂದು ಅವರು ಆಕ್ಷೇಪಿಸಿದರು. ಈ ಆಕ್ಷೇಪಣೆಯು ತೂಕವುಳ್ಳದ್ದು. ಮುಖವನ್ನು ಬದಲಿಸಿದವನು ಯಾರ ಸೊತ್ತನ್ನೂ ಕದ್ದಂತಾಗುವುದಿಲ್ಲ. ಶೀಲವನ್ನು ಬದಲಿಸಿ ಹಳೆಯ ಹೆಸರನ್ನೇ ಅಂಟಿಸಿದವನು, ಮರುಮಾತಾಡಲಾರದ ಮೃತನ ಮೇಲೆ ಅವನು ಆಡದ ಮಾತನ್ನು ಹೊರಿಸಿದಂತಾಗುವುದು.

ಹಾಗೆಂದರೆ ಶೀಲವನ್ನು ಬದಲಿಸುವ ಅಧಿಕಾರವು ಯಾರಿಗೂ ಇಲ್ಲವೆ? ಇಲ್ಲಿ ಪಂಪನು ಅಡ್ಡ ಬರುವನು. ಮಳಖೇಡವು ಇಂದು ಸೇಡಂ ತಾಲೂಕಿನ ಒಂದು ಊರು. ಅಂದು ಅದು ಮಾನ್ಯಖೇಟವೆಂಬ ರಾಷ್ಟ್ರಕೂಟರ ರಾಜಧಾನಿ. ಆ ಚಕ್ರವರ್ತಿಗಳ ಸಾಮಂತನಾಗಿದ್ದ ವೇಮುಲವಾಡದ ಅರಿಕೇಸರಿಯನ್ನು ಪಂಪನು ತನ್ನ ಭಾರತದಲ್ಲಿ ಅರ್ಜುನನೊಡನೆ ಸಮೀಕರಿಸಿದನು. ವ್ಯಾಸರ ಅರ್ಜುನನಿಗೆ ಕನ್ನಡದ ಮುಖವೊಂದು ಬಂದಿತು. ಅಷ್ಟಕ್ಕೇ ನಿಲ್ಲದೆ, ದ್ರೌಪದಿಯು ಅರ್ಜುನನೊಬ್ಬನ ಮಡದಿಯಾದಳು. ಕೊನೆಯಲ್ಲಿ ಪಟ್ಟವು ಅರ್ಜುನನಿಗೂ ಸುಭದ್ರೆಗೂ ಆಯಿತು. ಆದರೂ ಪಂಪನನ್ನು ಯಾರೂ ವಂಚಕನೆನ್ನುವುದಿಲ್ಲ. ಅವನು ತನ್ನ ಸಮೀಕರಣವನ್ನು ಹಗಲಿನಲ್ಲಿ, ಎಲ್ಲರ ಎದುರು ಮಾಡಿದನು; ವ್ಯಾಸಭಾರತವು ಪಕ್ಕದಲ್ಲಿಯೇ ಇದ್ದಿತು; ತನ್ನದೇ ಮೂಲವೆಂದು ಅವನು ಹೇಳಿಕೊಳ್ಳಲಿಲ್ಲ. (ದ್ರೌಪದಿಯ ಪತಿಯು ಒಬ್ಬನೇ ಆದ ಮೇಲೆ ಪಣದಲ್ಲಿ ಅವಳನ್ನಿಡಲು ಧರ್ಮರಾಯನಿಗೆ ಹಕ್ಕೆಲ್ಲಿಂದ ಬಂತೆಂಬ ತೊಡಕು ಉಳಿದೇ ಉಳಿಯಿತು, ಮುಖಕ್ಕಾಗಿ ಕಥೆಯನ್ನು ತಿದ್ದಿದವರು ತೆರಬೇಕಾದ ಸುಂಕವದು.)

ಇನ್ನು ಹತ್ತಿರದ ಪ್ರಸಂಗ. ಪುನೀತ್ ರಾಜ್‌ಕುಮಾರರು 2021ನೆಯ ಅಕ್ಟೋಬರ್ 29ರಂದು ಅಕಾಲದಲ್ಲಿ ತೀರಿಕೊಂಡಾಗ ‘ಜೇಮ್ಸ್’ ಚಿತ್ರದಲ್ಲಿ ಅವರ ಧ್ವನಿಯ ಕೆಲಸವು ಉಳಿದಿತ್ತು. ಅಣ್ಣನಾದ ಶಿವರಾಜ್‌ಕುಮಾರರು ತಮ್ಮನ ತುಟಿಗೆ ತಮ್ಮ ಕಂಠವನ್ನು ಕೊಟ್ಟರು. 2022ನೆಯ ಮಾರ್ಚ್ 17ರಂದು, ಪುನೀತರ ಹುಟ್ಟಿದ ದಿನದಂದೇ, ಚಿತ್ರವು ತೆರೆಕಂಡಿತು. ಕೆಲವು ವಾರಗಳ ನಂತರ ಯಂತ್ರವಿದ್ಯೆಯ ಸಹಾಯದಿಂದ ಪುನೀತರ ಧ್ವನಿಯನ್ನೇ ಮರಳಿ ಕಟ್ಟಿ ಚಿತ್ರವನ್ನು ಮತ್ತೆ ತೋರಿಸಲಾಯಿತು. ಎರಡರಲ್ಲಿ ಯಾವುದು ಹೆಚ್ಚು ನಿಷ್ಠೆಯುಳ್ಳದ್ದು? ಕಿವಿಗೆ ಎರಡನೆಯದೇ ಸರಿಯೆನಿಸಬಹುದು. ಅಗಲಿದವನ ದನಿಯನ್ನು ಇನ್ನೊಮ್ಮೆ ಕೇಳಬೇಕೆಂಬ ಹಂಬಲವನ್ನು ಜರೆಯುವುದು ಕ್ರೌರ್ಯವಾದೀತು. ಆದರೆ ಅಣ್ಣನ ಕಂಠದಲ್ಲಿ ಇನ್ನೊಂದು ಗುಣವಿದ್ದಿತು. “ಅವನಿಲ್ಲ, ಅವನ ಸ್ಥಾನದಲ್ಲಿ ನಿಂತಿದ್ದೇನೆ” ಎಂದು ಅದು ಪ್ರತಿಯೊಂದು ಮಾತಿನಲ್ಲಿಯೂ ಒಪ್ಪಿಕೊಳ್ಳುತ್ತಿದ್ದಿತು. ಯಂತ್ರದ ಕಂಠವು ಅವನೇ ಇದ್ದಾನೆಂದು ಹೇಳುವುದು. ಮನೆಯವರ ಸಮ್ಮತಿಯೂ ಜನರ ತಿಳಿವಳಿಕೆಯೂ ಇದ್ದೆಡೆಯಲ್ಲಿ ಇದು ಸಾಂತ್ವನ. ಅವೆರಡೂ ಇಲ್ಲದೆಡೆಯಲ್ಲಿ, ಸತ್ತವನಿಂದ ಕೂಲಿಯಿಲ್ಲದ ದುಡಿಮೆ.

ಅಭಿಮಾನಿಗಳ ವಿಷಯದಲ್ಲಿಯೂ ಒಂದು ಮಾತು ಹೇಳಬೇಕಾಗಿದೆ. ಪ್ರಸಾರಕ್ಕೆ ಮುಂಚೆ ಯಾರು ಬರುವರು, ಹೋಲುವರೋ ಹೋಲರೋ ಎಂದು ಊಹಿಸುತ್ತ ಕೂಡುವುದು ನಿರಪರಾಧವಾದ ಆನಂದವೇ ಸರಿ. ಆ ಪಾತ್ರವು ನಟನೊಡನೆ ಸಾಯಲಿಲ್ಲವೆಂಬುದಕ್ಕೆ ಅದೇ ಪ್ರಮಾಣ. ಆದರೆ ಊಹೆಯು ತೀರ್ಪಾಗಿ ಗಟ್ಟಿಯಾದಾಗ ಹೊಸಬನ ಪಾಡು ಕಠಿಣ. ಅವನು ಮೊದಲಿನವನಂತೆಯೇ ಆಡಿದರೆ ಅನುಕರಣವೆನ್ನುವರು. ಬೇರೆಯಾಗಿ ಆಡಿದರೆ ಅಪಚಾರವೆನ್ನುವರು. ಶಂಕರನಾಗರ ‘ಮಾಲ್ಗುಡಿ ಡೇಸ್’ ನೋಡಿದವರಿಗೆ ಸ್ವಾಮಿಯೆಂದರೆ ಮಾಸ್ಟರ್ ಮಂಜುನಾಥನೇ. ಆ ಕಣ್ಣುಗಳನ್ನು ಮರೆಯಬೇಕೆಂದು ಯಾರೂ ಕೇಳುವಂತಿಲ್ಲ. ಆದರೆ ಆರ್. ಕೆ. ನಾರಾಯಣರು ಬರೆದ ಸ್ವಾಮಿಯ ಕಥೆಯು ಪ್ರಕಟವಾದುದು 1935ರಲ್ಲಿ, ಆ ಬಾಲಕನು ಹುಟ್ಟುವುದಕ್ಕೆ ಬಹುಕಾಲ ಮುಂಚೆ. ಮೊದಲು ಕಂಡ ಮುಖವು ಮೂಲಮುಖವೆಂಬುದು ಕಾಣುವವನ ವಯಸ್ಸಿನ ಮಾತೇ ಹೊರತು ಪಾತ್ರದ ಮಾತಲ್ಲ.

ಮಾನ್ಯಖೇಟದ ಅರಸನಾದ ಅಮೋಘವರ್ಷನ ಗುರುವೆನಿಸಿದ ಜಿನಸೇನಾಚಾರ್ಯರು ಇಂಥ ಸ್ಥಾನದಲ್ಲಿ ಒಮ್ಮೆ ಉತ್ತರಾಧಿಕಾರಿಯಾಗಿ ನಿಂತವರು, ಮತ್ತೊಮ್ಮೆ ಉತ್ತರಾಧಿಕಾರಿಗೆ ಎಡೆಮಾಡಿಕೊಟ್ಟು ಹೋದವರು. ಅವರ ಗುರು ವೀರಸೇನರು ಜಯಧವಲಾ ಟೀಕೆಯನ್ನು ಅರ್ಧಕ್ಕೆ ಬಿಟ್ಟು ತೀರಿಕೊಂಡಾಗ ಜಿನಸೇನರು ಅದನ್ನು ಪೂರ್ತಿಗೊಳಿಸಿದರು. ಮುಂದೆ ಅವರೇ ಆದಿಪುರಾಣದ 42 ಪರ್ವಗಳನ್ನು ಮುಗಿಸಿ, 43ನೆಯದರ ಮೊದಲಲ್ಲಿಯೇ ತೀರಿಕೊಂಡರು. ಶಿಷ್ಯನಾದ ಗುಣಭದ್ರನು ಉಳಿದುದನ್ನು ಬರೆದನು. ಉತ್ತರಪುರಾಣವನ್ನೂ ರಚಿಸಿ ಮಹಾಪುರಾಣವನ್ನು ಮುಗಿಸಿದನು. ಗುರುವಿನ ಭಾಗದ ರಸವು ತನ್ನ ಭಾಗದಲ್ಲಿ ಇದ್ದೀತೆ ಎಂಬ ಅಳುಕನ್ನು ಅವನು ಮುಚ್ಚಿಡಲಿಲ್ಲ. ಆ ಅಳುಕಿಗಾಗಿ ಕೃತಿಯನ್ನು ಅರ್ಧಕ್ಕೆ ಬಿಡಲೂ ಇಲ್ಲ.