ಹಾಲುಹಾವು ಮತ್ತು ಒಡೆತನ

ಉತ್ತರ ಅಮೆರಿಕದ ರೈತರು ನಿರ್ವಿಷವಾದ ಒಂದು ಸರ್ಪಕ್ಕೆ ಹಾಲುಹಾವೆಂದು ಹೆಸರಿಟ್ಟರು. ಕೊಟ್ಟಿಗೆಯಲ್ಲಿ ಅದನ್ನು ಕಂಡವರು, ಅದು ಹಸುವಿನ ಕೆಚ್ಚಲಿಗೆ ಬಾಯಿಡುವುದೆಂದು ಭ್ರಮಿಸಿದರು. ಕನ್ನಡನಾಡಿನಲ್ಲಿ ಕೇರೆಹಾವಿಗೂ ಇದೇ ಅಪವಾದವುಂಟು. ವಾಸ್ತವದಲ್ಲಿ ಎರಡೂ ಬರುವುದು ಇಲಿಗಳಿಗಾಗಿ.

ಇಂದು ಆ ಹಾಲುಹಾವನ್ನು ಅನೇಕರು ಮನೆಯಲ್ಲಿ ಸಾಕುತ್ತಾರೆ. ಹಿಂದಿನವರು ಅದರ ಮೇಲೆ ಇಲ್ಲದ ಕಳ್ಳತನವನ್ನು ಹೊರಿಸಿದರು. ಹೊಸದಾಗಿ ಸಾಕುವವನು ಇಲ್ಲದ ಪ್ರೀತಿಯನ್ನು ಹೊರಿಸುತ್ತಾನೆ. ಕೈಯಲ್ಲಿ ಸುಮ್ಮನಿದ್ದರೆ ವಾತ್ಸಲ್ಯವೆನ್ನುತ್ತಾನೆ. ಅದು ಬಹುಮಟ್ಟಿಗೆ ಸಹನೆಯಷ್ಟೆ. ನಾಯಿಯು ಬಾಲವಾಡಿಸಿ ಅನ್ನದ ಋಣವನ್ನು ತೀರಿಸುತ್ತದೆ. ಹಾವಾದರೋ ಏನನ್ನೂ ಮರಳಿ ಕೊಡದು. ಹಾಗಾದರೆ ಪ್ರತಿಫಲವಿಲ್ಲದೆಡೆಯಲ್ಲಿ ಕರ್ತವ್ಯವುಂಟೆ?

ಉಂಟು, ಸೆರೆಯೇ ಆ ಕರ್ತವ್ಯವನ್ನು ಹುಟ್ಟಿಸುತ್ತದೆ. ಸ್ವತಂತ್ರವಾದ ಹಾವು ಬಿಸಿಲಿಗೂ ನೆರಳಿಗೂ ತಾನೇ ಹರಿದುಹೋಗುತ್ತದೆ. ಅದನ್ನು ಪೆಟ್ಟಿಗೆಯಲ್ಲಿಟ್ಟವನು ಒಂದು ಬದಿಗೆ ಶಾಖವನ್ನೂ ಇನ್ನೊಂದು ಬದಿಗೆ ತಂಪನ್ನೂ, ಅಡಗಲು ಮರೆಯನ್ನೂ, ಶುದ್ಧವಾದ ನೀರನ್ನೂ ಒದಗಿಸತಕ್ಕದ್ದು. ಸಂದು ಸಿಕ್ಕಿದರೆ ಅದು ನುಸುಳಿಹೋದೀತು. ಇನ್ನೊಂದು ಹಾವನ್ನು ಜೊತೆಗಿಟ್ಟರೆ ನುಂಗಿಬಿಟ್ಟೀತು. ಆದುದರಿಂದ ಭದ್ರವಾದ ಮುಚ್ಚಳವೂ ಏಕಾಂತವೂ ಅದಕ್ಕೆ ಅವಶ್ಯಕ. ಉಂಡ ಮೇಲೆ ಎರಡು ದಿನ ಅದನ್ನು ಮುಟ್ಟಲಾಗದು. ಅದರ ಒಂದೊಂದು ಊಟವೂ ಒಂದು ಪ್ರಾಣಿಯ ಮರಣ. ಕಾಡಿನಲ್ಲಿ ಆ ಮರಣಕ್ಕೆ ಹೊಣೆಗಾರನಿಲ್ಲ, ಮನೆಯಲ್ಲಿ ಇದ್ದಾನೆ.

ಹಾಲುಹಾವು 15 ವರ್ಷಕ್ಕೂ ಮೀರಿ ಬದುಕಬಲ್ಲುದು. ಕುತೂಹಲವು ಅಷ್ಟು ಕಾಲ ಬದುಕುವುದು ಅಪರೂಪ. ಕುತೂಹಲವು ತೀರಿದ ಬಳಿಕ ಉಳಿಯುವ ಆರೈಕೆಯೇ ನಿಜವಾದ ಪಾಲನೆ. ಅದು ತನ್ನಿಂದಾಗದೆಂದು ಬಲ್ಲವನು ಹಾವನ್ನು ಮನೆಗೆ ತಾರದಿರುವುದೂ ದಯೆಯೇ ಸರಿ.