ಅಂಗಳದ ಹಸಿರು ಮತ್ತು ಅನರ್ಥದಂಡ

ಕುಡಿಯುವ ಒಂದು ತಂಬಿಗೆ ನೀರನ್ನೂ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ನೀರಿನ ಮೂಲಕ್ಕೇ ಮರಳಿಸುವುದು ಶ್ರಾವಕರ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಆಚಾರ. ಅಂಥ ಮನೆಯ ಅಂಗಳದಲ್ಲಿಯೇ, ಅಂಥ ಸಮಾಜದ ಬಸದಿಯ ಆವರಣದಲ್ಲಿಯೇ, ಕೇವಲ ಕಣ್ಣಿನ ತಣಿವಿಗೆಂದು ಹಾಸಿದ ಹುಲ್ಲಿಗೆ ಕೊಳವೆಬಾವಿಯ ನೀರು ಸೋಸದೆ, ಅಳೆಯದೆ ಹರಿಯುವುದುಂಟು. ಈ ಎರಡು ನಡತೆಗಳು ಒಂದೇ ಧರ್ಮದಲ್ಲಿ ಹೇಗೆ ಕೂಡಿ ಬಾಳಬಲ್ಲವು?

ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಬಾಗಲಕೋಟೆಯ ಸೀಮೆಯಲ್ಲಿ ಅದು ಸಣ್ಣದಲ್ಲ. ಹೆಸರಿನಲ್ಲಿಯೇ ಬೇವನ್ನು ಹೊತ್ತ ಬೇವೂರಿನಿಂದ ಹುನಗುಂದ, ಬಾದಾಮಿಗಳವರೆಗೆ ವರ್ಷದ ಸರಾಸರಿ ಮಳೆ 600 ಮಿಲಿಮೀಟರಿನ ಒಳಗೇ. ಬೇಸಿಗೆಯಲ್ಲಿ ಹುಲ್ಲುಹಾಸು ಹಸಿರಾಗಿ ಉಳಿಯಲು ದಿನಕ್ಕೆ 5 ಮಿಲಿಮೀಟರ್ ನೀರು ಬೇಕೆಂದು ಹಿಡಿದರೂ, 100 ಚದರ ಮೀಟರಿನ ಅಂಗಳಕ್ಕೆ 500 ಲೀಟರ್ ಆಗುತ್ತದೆ. ಊರಿನ ಹೆಂಗಸರು ಕೊಡ ಹಿಡಿದು ನಳದ ಮುಂದೆ ಪಾಳಿ ಕಾಯುವ ದಿನಗಳಲ್ಲಿ ಈ 500 ಲೀಟರ್ ಯಾರ ಪಾಲಿನದು ಎಂಬ ಪ್ರಶ್ನೆ ಧರ್ಮದ ಪ್ರಶ್ನೆಯೇ ಆಗುತ್ತದೆ.

ಗೃಹಸ್ಥನಿಗೆ ಸಂಪೂರ್ಣ ಅಹಿಂಸೆ ಸಾಧ್ಯವಿಲ್ಲವೆಂಬುದನ್ನು ಆಚಾರ್ಯರು ಬಲ್ಲರು. ಅಡುಗೆ, ಕೃಷಿ, ಮನೆ ಕಟ್ಟುವಿಕೆಗಳಲ್ಲಿ ಆರಂಭೀ ಹಿಂಸೆ, ಉದ್ಯೋಗೀ ಹಿಂಸೆಗಳು ತಪ್ಪವು. ಆದ್ದರಿಂದಲೇ ಅವರು ಗುಣವ್ರತಗಳಲ್ಲಿ ಅನರ್ಥದಂಡವಿರತಿಯನ್ನು ಸೇರಿಸಿದರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದರ ಐದು ಬಗೆಗಳನ್ನು ಹೇಳಿ, ನಿಷ್ಪ್ರಯೋಜನವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಸಸ್ಯ ಕಡಿಯುವುದು ಮೊದಲಾದವನ್ನು ಪ್ರಮಾದಚರ್ಯೆಯಲ್ಲಿ ಎಣಿಸುತ್ತಾರೆ. ಇಲ್ಲಿ ತೂಗಬೇಕಾದದ್ದು ಹಿಂಸೆಯ ಪ್ರಮಾಣವೊಂದನ್ನೇ ಅಲ್ಲ. ಅದಕ್ಕೆ ಪ್ರಯೋಜನವಿತ್ತೇ ಎಂಬುದನ್ನೂ.

ಹಾಗಾದರೆ ಅಂಗಳವನ್ನು ಬರಿದಾಗಿ ಬಿಡಬೇಕೇ? ಬರಿಯ ನೆಲ ನಿರ್ದೋಷವಲ್ಲ. ಮೊದಲ ಮಳೆಗೇ ಅದರ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಅದರೊಡನೆ ಅಲ್ಲಿನ ಅಸಂಖ್ಯ ಜೀವಗಳೂ ಹೋಗುತ್ತವೆ. ಈ ಎರಡು ಅತಿಗಳ ನಡುವೆ ನಿಲ್ಲಬಲ್ಲ ಒಂದು ದೇಶೀ ಹುಲ್ಲು ಲಾವಂಚ. ಅದು ಎಲ್ಲೆಂದರಲ್ಲಿ ಹಬ್ಬದೆ ದಟ್ಟವಾದ ಬುಡವಾಗಿ ನಿಂತು, ತೆಳ್ಳನೆಯ ನೀಳ ಎಲೆಗಳನ್ನು ಬಾಗಿಸಿ ಆಳೆತ್ತರಕ್ಕೆ ಬೆಳೆಯುತ್ತದೆ. ಸಾಲಾಗಿ ನೆಟ್ಟರೆ ಅದೇ ಚೆಂದದ ಬೇಲಿ. ಆಳವಾದ ಮಣ್ಣಿದ್ದಲ್ಲಿ ಬೇರು ನೇರ ಕೆಳಗಿಳಿದು ಮೂರು ಮೀಟರನ್ನೂ ಮುಟ್ಟುವುದರಿಂದ ಮೇಲಿನ ನೆಲ ಒಣಗಿದರೂ ಬುಡ ಸಾಯುವುದಿಲ್ಲ. ದಕ್ಷಿಣದಲ್ಲಿ ಬೆಳೆಸುವ ತಳಿ ಮೊಳೆಯುವ ಬೀಜ ಕೊಡುವುದು ಅಪರೂಪ. ಆದುದರಿಂದ ನೆರೆಯ ಹೊಲಕ್ಕೆ ಕಳೆಯಾಗಿ ನುಗ್ಗದು. ಗುಂಡ್ಲುಪೇಟೆಯ ಕಡೆಯ ರೈತರು ನೂರು ವರ್ಷಗಳಿಗೂ ಹಿಂದಿನಿಂದ ಇದನ್ನು ಹೊಲದ ಗಡಿಗೆ ಬೆಳೆಸಿಕೊಂಡು ಬಂದವರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಮಣ್ಣಿನ ಸವಕಳಿ ತಡೆಯಲು ಇದೇ ಹುಲ್ಲನ್ನು ಮುಂದಿಟ್ಟರು.

ಇದರ ಕೃಷಿಯೂ ಸರಳ. ಮುಂಗಾರಿನ ಆರಂಭದಲ್ಲಿ ಬುಡವನ್ನು ಸೀಳಿ, ಬೇಲಿಗಾದರೆ ಗೇಣಿಗೊಂದರಂತೆ, ಅಂದಕ್ಕಾದರೆ ಒಂದೊಂದು ಮೀಟರ್ ಅಂತರದಲ್ಲಿ ನೆಡಬೇಕು. ಬೇರೂರುವವರೆಗೆ, ಮೊದಲ ವರ್ಷ, ಮಳೆ ತಪ್ಪಿದಾಗ ನೀರು ಬೇಕು. ಆಮೇಲೆ ಮಳೆಯೇ ಸಾಕಾಗುತ್ತದೆ.

ಆದರೆ ವಿವೇಕದ ಪರೀಕ್ಷೆ ಇಲ್ಲಿಗೆ ಮುಗಿಯದು. ಲಾವಂಚದ ಬೆಲೆಯೆಲ್ಲ ಅದರ ಬೇರಿನಲ್ಲಿದೆ. ಸುಗಂಧತೈಲಕ್ಕೂ ನೀರಿನ ಹೂಜಿಯ ಪರಿಮಳಕ್ಕೂ ಬೇರು ಬೇಕಾದರೆ ಇಡೀ ಬುಡವನ್ನು ಅಗೆದು ಕೀಳಲೇಬೇಕು. ಇದು ಗೆಡ್ಡೆಯಲ್ಲ, ಆದ್ದರಿಂದ ಕಂದಮೂಲದ ನಿಷೇಧ ಇದಕ್ಕೆ ನೇರವಾಗಿ ತಗಲದು ಎಂದು ವಾದಿಸಬಹುದು. ವಾದ ಸರಿಯೇ ಇರಬಹುದು. ಆದರೆ ಈರುಳ್ಳಿಯನ್ನು ತ್ಯಜಿಸಿದ ಕೈ, ಕೇವಲ ಸುವಾಸನೆಗಾಗಿ ಒಂದು ಗಿಡವನ್ನೂ ಅದರ ಸುತ್ತಲಿನ ಮಣ್ಣಿನ ಜೀವಗಳನ್ನೂ ಕಿತ್ತೆಸೆದರೆ, ನಿಷೇಧದ ಅಕ್ಷರ ಉಳಿದು ಅದರ ಅರ್ಥ ಅಳಿಯುತ್ತದೆ. ಅಂಗಳದ ಲಾವಂಚ ನೆಲ ಹಿಡಿಯಲು ನಿಂತದ್ದು. ಅದರ ಬೇರನ್ನು ನೆಲಕ್ಕೇ ಬಿಡುವುದು ಲೇಸು.

ದಟ್ಟ ಬುಡದಲ್ಲಿ ಹುಳುಹುಪ್ಪಟೆಗಳು ಆಶ್ರಯ ಪಡೆಯುತ್ತವೆಂಬುದೂ ನಿಜ. ಅದಕ್ಕೆ ಬೆಂಕಿ ಮದ್ದಲ್ಲ. ನಡೆದಾಡುವ ದಾರಿಯಿಂದ ದೂರ ನೆಟ್ಟು, ವರ್ಷಕ್ಕೊಮ್ಮೆ ಹಗಲಿನಲ್ಲಿ, ಬುಡವನ್ನು ನೋಡಿಕೊಂಡು, ಮೊಣಕಾಲೆತ್ತರಕ್ಕೆ ಕುಡುಗೋಲಿನಿಂದ ಕೊಯ್ದು, ಎಲೆಯನ್ನು ಗಿಡಗಳ ಬುಡಕ್ಕೆ ಹೊದಿಸುವುದು ಯತ್ನಾಚಾರ. ಎಳೆಯ ಎಲೆ ದನಗಳಿಗೆ ಮೇವೂ ಆದೀತು.

ಕಡುಬೇಸಿಗೆಯಲ್ಲಿ ಈ ಹುಲ್ಲು ಕಂದುತ್ತದೆ. ನೀರುಣಿಸಿದ ಹಾಸಿನಂತೆ ಹೊಳೆಯದು. ಬಸದಿಗೆ ಬಂದವರು ಒಣಗಿತೆನ್ನಬಹುದು. ಟ್ರಸ್ಟಿನ ಹಿರಿಯರು ಆಗ ನಾಚಬೇಕಾಗಿಲ್ಲ. ಊರೇ ಬಾಯಾರಿದಾಗ ಅಂಗಳವೊಂದೇ ಹಸಿರಾಗಿರಬೇಕೆಂಬ ಆಸೆಯೂ ಪರಿಗ್ರಹವೇ. ಮಳೆ ಬರುವವರೆಗೆ ಕಾಯಲು ಆ ಹುಲ್ಲು ಬಲ್ಲದು. ಅದನ್ನು ನೆಟ್ಟವರೂ ಕಲಿಯಬಹುದು.